ಕಬ್ಬಾಳದುರ್ಗದಿಂದ ನಂಜನಗೂಡಿನ ಸೇತುವೆವರೆಗೆ

ಏಳು ದಿನ. ಹನ್ನೊಂದು ಸೈಕಲ್ಲು. ಆರುನೂರು ಚಿಲ್ಲರೆ ಕಿಲೋಮೀಟರು. ಕೊನೆಗೂ ಮುಗಿಸಿ ಬಂದೆ ಸ್ವಾಮಿ... ಇದನ್ನು ಟೈಪ್ ಮಾಡುವಾಗಲೂ ಎಡಗೈಯ ಕಿರುಬೆರಳು ಜೋಮು ಹಿಡಿದೇ ಇದೆ. ಹ್ಯಾಂಡಲ್ ಹಿಡಿದೂ ಹಿಡಿದೂ ಹೀಗಾಗುತ್ತಂತೆ, ಎರಡು ವಾರದಲ್ಲಿ ಸರಿಹೋಗುತ್ತಂತೆ. ನೋಡೋಣ.

ಡಿಸೆಂಬರಿನ ಕೊನೆಯ ವಾರ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಒಂಥರಾ ಸುಗ್ಗಿ. ಕ್ಲೈಂಟುಗಳೆಲ್ಲ ರಜೆ ಹಾಕಿ ಮನೆ ಸೇರಿರುತ್ತಾರೆ, ಮೇಲ್ ಬರುವುದಿಲ್ಲ, ಮ್ಯಾನೇಜರ್ ಕೂಡ ನಗುನಗುತ್ತಾ ಮಾತಾಡುತ್ತಾನೆ :) ಆ ವಾರ ಸೈಕಲ್ ಹೊಡೆಯೋಣ ಅಂತ ನಾವು ಹನ್ನೊಂದು ಜನ ಆರು ತಿಂಗಳ ಹಿಂದೆಯೇ ತೀರ್ಮಾನ ಮಾಡಿದ್ದೆವು. ಇದೇನೂ ಹೊಸ ಐಡಿಯಾ ಅಲ್ಲ. 2008ರ ಡಿಸೆಂಬರಿನಲ್ಲಿ ಬೆಂಗಳೂರಿನ ಸೈಕಲ್ ಹುಚ್ಚರು 'ಟೂರ್ ಆಫ್ ನೀಲಗಿರೀಸ್' ಶುರುಮಾಡಿದಾಗಿನಿಂದ ಈ ಕಡೆಯ ಘಾಟಿಗಳಿಗೆ ಗುಂಪಾಗಿ ಸೈಕಲ್ ಹತ್ತಿಸುವುದು ಒಂದು ಪದ್ಧತಿಯೇ ಆಗಿದೆ. ಅದಕ್ಕೂ ಎಷ್ಟೋ ಮೊದಲು, 1923ರಲ್ಲಿ, ಬೊಂಬಾಯಿಯ ಪಾರ್ಸಿ ಹುಡುಗರು ಸೈಕಲ್ಲಿನಲ್ಲಿ ಭೂಮಿ ಸುತ್ತಲು ಹೊರಟು, ಅವರಲ್ಲಿ ಮೂವರು 1928ರಲ್ಲಿ ಸುತ್ತು ಮುಗಿಸಿ ಮನೆಗೆ ಬಂದಿದ್ದರು. ಅವರ ಮುಂದೆ ನಮ್ಮದು ಏನೇನೂ ಅಲ್ಲ. ಜೊತೆಗೊಂದು ವ್ಯಾನು, ವ್ಯಾನಿನಲ್ಲಿ ಎಳನೀರು, ಮೂವ್ ಮುಲಾಮು, ರಾತ್ರಿ ಲಾಡ್ಜು.

ಬೆಂಗಳೂರು, ಕನಕಪುರ, ಮಳವಳ್ಳಿ, ಬನ್ನೂರು ದಾಟಿ ಮೈಸೂರು. ಅಲ್ಲಿಂದ ಮಡಿಕೇರಿ, ಗೋಣಿಕೊಪ್ಪ, ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ, ಚಾಮರಾಜನಗರ. (ಕಾಡಿನ ಭಾಗದಲ್ಲಿ ಸೈಕಲ್ಲುಗಳನ್ನು ವ್ಯಾನಿನ ಮೇಲೆ ಹೇರಿ ನಾವು ಒಳಗೆ ಕೂತೆವು. ಆನೆಗೆ ನಾವು ಚಾರಿಟಿ ರೈಡ್ ಅಂತ ಅರ್ಥವಾಗುವುದಿಲ್ಲವಲ್ಲ!) ಏಳನೆಯ ದಿನ ಚಾಮರಾಜನಗರದಿಂದ ನಂಜನಗೂಡು, ಅಲ್ಲಿಂದ ಟಿ. ನರಸೀಪುರ. ಮುಕ್ತಾಯ ಟಿ. ನರಸೀಪುರದಲ್ಲೇ ಆಗಬೇಕು ಅಂತ ಹಟ ಹಿಡಿದವನು ನಾನು. ಕಾರಣ ಸರಳ, ಅದು ನನ್ನ ತಾಲ್ಲೂಕು. ಮುಗಿದ ಮೇಲೆ ಅಮ್ಮನ ಕೈ ಊಟ.

ಕೊಡಗಿನ ಮಂಜು, ವಯನಾಡಿನ ಕಾಫಿ ತೋಟ, ಇವುಗಳ ಫೋಟೋ ಎಲ್ಲರೂ ಹಾಕುತ್ತಾರೆ, ನೀವೂ ನೋಡಿರುತ್ತೀರಿ. ನಾನು ಬರೆಯಹೊರಟಿರುವುದು ಮೊದಲ ದಿನ ಕಂಡ ಒಂದು ಬೆಟ್ಟ ಮತ್ತು ಕೊನೆಯ ದಿನ ಕಂಡ ಒಂದು ಸೇತುವೆ ಬಗ್ಗೆ. ಇವೆರಡಕ್ಕೂ ಸಂಬಂಧ ಇದೆ ಅನ್ನುವುದು ನನಗೆ ಹೊಳೆದದ್ದೇ ಆರನೆಯ ರಾತ್ರಿ, ಚಾಮರಾಜನಗರದ ಲಾಡ್ಜಿನಲ್ಲಿ ಕಾಲಿಗೆ ಮುಲಾಮು ತಿಕ್ಕುತ್ತಾ ಕೂತಿದ್ದಾಗ.

ಮೊದಲ ದಿನ ಸಾತನೂರಿನ ಹತ್ತಿರ ಇಡ್ಲಿಗೆ ನಿಂತಿದ್ದೆವು. ಪಕ್ಕದಲ್ಲಿದ್ದ ಗೆಳೆಯ ಅಲ್ಲೊಂದು ಬಂಡೆಬೆಟ್ಟ ತೋರಿಸಿ "ಅದ್ಯಾವುದು?" ಅಂದ. "ಕಬ್ಬಾಳದುರ್ಗ, ಕಬ್ಬಾಳಮ್ಮನ ಊರು" ಅಂದೆ. ಅಷ್ಟೇ ಗೊತ್ತಿದ್ದದ್ದು. ಇಡ್ಲಿ ತಿಂದೆವು, ಹೊರಟೆವು.

ಆ ಬೆಟ್ಟ ಮೈಸೂರು ರಾಜ್ಯದ ಸೆರೆಮನೆಯಾಗಿತ್ತು. ಬೇಡವಾದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ನೀರು ಕೆಟ್ಟದ್ದು, ಗಾಳಿ ಕೆಟ್ಟದ್ದು, ಗಲ್ಲಿಗೇರಿಸುವ ಪಾಪ ಯಾರಿಗೂ ತಟ್ಟುವುದಿಲ್ಲ. 1734ರಲ್ಲಿ ಅಲ್ಲಿಗೆ ಹೋದ ಕೈದಿ ಸಾಮಾನ್ಯನಲ್ಲ, ಸ್ವತಃ ಮೈಸೂರಿನ ರಾಜ. ಏಳನೆಯ ಚಾಮರಾಜ ಒಡೆಯರ್. 1732ರಲ್ಲಿ ಪಟ್ಟಕ್ಕೆ ಬಂದವರು, ದಳವಾಯಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ನೋಡಿದರು. ಎರಡು ವರ್ಷದಲ್ಲಿ ರಾಣಿಯೊಂದಿಗೆ ಕಬ್ಬಾಳದುರ್ಗ ಸೇರಿದರು. ಇಬ್ಬರೂ ಅಲ್ಲೇ ತೀರಿಕೊಂಡರು. ಅವರ ಜಾಗಕ್ಕೆ ಇಮ್ಮಡಿ ಕೃಷ್ಣರಾಜ ಒಡೆಯರ್ ಅನ್ನುವ ಐದಾರು ವರ್ಷದ ಮಗುವನ್ನು ತಂದು ಕೂರಿಸಲಾಯಿತು. ಸಹಿ ಮಗುವಿನದು, ಆಳ್ವಿಕೆ ದಳವಾಯಿಗಳದು.

ಯಾರಿವರು ದಳವಾಯಿಗಳು? ಕಳಲೆಯವರು. ನಂಜನಗೂಡಿನಿಂದ ಐದಾರು ಕಿಲೋಮೀಟರ್ ದೂರದ ಕಳಲೆ ಗೊತ್ತಲ್ಲ? ಲಕ್ಷ್ಮೀಕಾಂತ ದೇವಸ್ಥಾನದ ಕಳಲೆ. ಒಡೆಯರ ಮನೆಗೂ ಕಳಲೆ ಮನೆಗೂ ಕೊಟ್ಟು ತರುವ ಸಂಬಂಧ, ಹದಿನೇಳನೇ ಶತಮಾನದಿಂದ ದಂಡಿನ ಅಧಿಕಾರ ಕಳಲೆ ಮನೆಯದು. 1724ರಲ್ಲಿ ದಳವಾಯಿಯಾದ ದೇವರಾಜಯ್ಯ ಆ ಮನೆಯವನೇ. ರಾಜನನ್ನು ಇಳಿಸಿ ಇನ್ನೊಬ್ಬನನ್ನು ಏರಿಸಿದವರಲ್ಲಿ ಮುಖ್ಯ ಇವನು. ಇವನ ತಮ್ಮ ಕರಾಚೂರಿ ನಂಜರಾಜಯ್ಯ ಮುಂದೆ ಸರ್ವಾಧಿಕಾರಿಯಾದ.

ಈಗ ಸೇತುವೆಗೆ ಬನ್ನಿ. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ಒಂದು ಹಳೇ ಕಲ್ಲು ಗಾರೆಯ ಕಮಾನು ಸೇತುವೆ ಇದೆ. ಕಟ್ಟಿಸಿದವನು ದಳವಾಯಿ ದೇವರಾಜಯ್ಯ, ವರ್ಷ 1735 ಎಂದು ಹೇಳುತ್ತಾ ಬಂದಿದ್ದಾರೆ. ಚಿಕ್ಕಂದಿನಿಂದ ಕೇಳಿದ್ದ ಇಸವಿ ಅದು, ಸ್ಕೂಲಿನ ಪ್ರಬಂಧದಲ್ಲಿ ಬರೆದಿದ್ದೆ ಕೂಡ. 1734 ಅನ್ನುವ ಇಸವಿಯ ಪಕ್ಕ ಅದನ್ನು ಇಟ್ಟು ನೋಡಿರಲಿಲ್ಲ, ಅಷ್ಟೆ. ಒಂದು ವರ್ಷ ರಾಜ ಬೆಟ್ಟ ಹತ್ತಿದ, ಮರುವರ್ಷ ಹೊಳೆಗೆ ಸೇತುವೆ ಬಿತ್ತು!

ಲಾಡ್ಜಿನ ರೂಮಿನಲ್ಲಿ ಇದನ್ನು ಹೇಳಿದೆ. ಎಲ್ಲರೂ ಅರೆನಿದ್ದೆಯಲ್ಲಿದ್ದರು. "ಮಗಾ, ನಾಳೆ ಆರಕ್ಕೆ ಎದ್ದೇಳ್ಬೇಕು, ಮಲ್ಕೋ" ಅಂತ ಒಬ್ಬ ಲೈಟ್ ಆರಿಸಿದ.

ಬೆಳಿಗ್ಗೆ ಚಾಮರಾಜನಗರ ಬಿಟ್ಟಾಗ ಚಳಿ. ಕಾಲು ಮೊದಲ ಹತ್ತು ಕಿಲೋಮೀಟರು ಮಾತೇ ಕೇಳಲಿಲ್ಲ. ದಾರಿ ಸಪಾಟು, ಎದುರು ಗಾಳಿ ಕಡಿಮೆ, ಆದರೂ ಆರು ದಿನದ ಆಯಾಸ ತೊಡೆಯಲ್ಲಿ ಸೀಸದ ಹಾಗೆ ತುಂಬಿತ್ತು. ಬದನವಾಳು ಬಂದಾಗ ಟೀಗೆ ನಿಂತೆವು. ಅಂಗಡಿಯ ಯಜಮಾನರು ನಮ್ಮ ಹೆಲ್ಮೆಟ್ಟು, ಬಿಗಿ ಚಡ್ಡಿ ಎಲ್ಲ ನೋಡಿ "ಎಲ್ಲಿಂದ ಬತ್ತಾ ಇದ್ದೀರಿ? ಸೈಕಲ್ಲಲ್ಲೇಯಾ?" ಅಂದರು. ಬೆಂಗಳೂರಿಂದ, ಮಡಿಕೇರಿ ಸುತ್ತಿ ಬಂದ್ವಿ ಅಂದೆ. "ಬಸ್ಸು ಇರ್ಲಿಲ್ವಾ?" ಅಂದರು. ನಮ್ಮ ಹನ್ನೊಂದು ಜನರಲ್ಲಿ ಯಾರ ಹತ್ತಿರವೂ ಅದಕ್ಕೆ ಉತ್ತರ ಇರಲಿಲ್ಲ :)

ಬದನವಾಳು ಅಂದರೆ ಖಾದಿ. 1927ರಲ್ಲಿ ಇಲ್ಲಿ ನೂಲುವ ಕೇಂದ್ರ ಶುರುವಾಯಿತು. ಗಾಂಧೀಜಿ ಬಂದು ನೋಡಿಹೋದ ಊರು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಇದೇ ಊರನ್ನು ಆರಿಸಿಕೊಂಡರು. ನಮ್ಮ ಗುಂಪಿನವರಿಗೆ ಇಷ್ಟು ಹೇಳಿ ನಾನು ಸುಮ್ಮನಾಗಬಹುದಿತ್ತು. ಅದೇ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ, ಸಿದ್ಧೇಶ್ವರ ದೇವಸ್ಥಾನದ ಪ್ರವೇಶದ ವಿಚಾರಕ್ಕೆ ಎದ್ದ ಜಗಳದ ನಂತರ, ಮೂವರು ದಲಿತರ ಕೊಲೆಯಾಯಿತು. ನಾನು ಆಗ ಹುಟ್ಟಿರಲಿಲ್ಲ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಬದನವಾಳು ಅನ್ನುವ ಹೆಸರು ಬಂದರೆ ಹಿರಿಯರು ಮಾತು ಬದಲಿಸುವುದನ್ನು ನೋಡಿಕೊಂಡೇ ಬೆಳೆದವನು. ಚರಕದ ವಿಷಯ ಜೋರಾಗಿ, ಇನ್ನೊಂದು ವಿಷಯ ಮೆಲ್ಲಗೆ. ಎರಡೂ ಕೇರಿಗಳನ್ನು ಸೇರಿಸುತ್ತಿದ್ದ ದಾರಿಯೊಂದು ಆ ಗಲಭೆಯ ನಂತರ ಬಳಕೆಯಿಲ್ಲದೆ ಬಿದ್ದಿತ್ತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೊ ಯಾತ್ರೆ ಆ ಊರಿಗೆ ಬಂದಾಗ. ಯಾರು ತೆರೆಸಿದರು, ರಾಜಕೀಯವೋ ಅಲ್ಲವೋ ಅನ್ನುವ ಚರ್ಚೆ ನಿಮಗೆ ಬಿಟ್ಟೆ. ನನಗೆ ಅಲ್ಲಿ ಕೂತು ಅನಿಸಿದ್ದು ಬೇರೆ. ಹದಿನೆಂಟನೇ ಶತಮಾನದಲ್ಲಿ ಕಪಿಲೆಯಂಥ ಹೊಳೆಯನ್ನೇ ದಾಟಿಸಿದ ತಾಲ್ಲೂಕು ಇದು. ಅದೇ ತಾಲ್ಲೂಕಿನ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗಲು ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಟೀ ದುಡ್ಡು ಕೊಡುವಾಗ ಯಜಮಾನರನ್ನು ಏನಾದರೂ ಕೇಳೋಣ ಅನಿಸಿತು. ಕೇಳಲಿಲ್ಲ. ನಮ್ಮ ಹಿರಿಯರ ಅಭ್ಯಾಸ ನನಗೂ ಅಂಟಿಕೊಂಡಿದೆ.

ನಂಜನಗೂಡು ಬಂದಾಗ ಒಂಬತ್ತೂವರೆ. ದೂರದಿಂದಲೇ ಗೋಪುರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1845ರದ್ದು. ವಾರವೆಲ್ಲ ಬೆಟ್ಟ ಹತ್ತಿದ ಮೇಲೂ ಅದನ್ನು ಕತ್ತೆತ್ತಿಯೇ ನೋಡಬೇಕು. ಟಿಪ್ಪುವಿನ ಆನೆಗೆ ಕಣ್ಣು ಬಂದು, ಅವನು ನಂಜುಂಡನನ್ನು 'ಹಕೀಮ್ ನಂಜುಂಡ' ಎಂದು ಕರೆದು ಪಚ್ಚೆ ಲಿಂಗ ಒಪ್ಪಿಸಿದ ಕತೆಯನ್ನು ನಮ್ಮ ಕೇರಳದ ಗೆಳೆಯನಿಗೆ ಹೇಳಿದೆ. ಹಲ್ಲುಪುಡಿಯ ಕತೆಯನ್ನೂ ಹೇಳಿದೆ. ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿ ನಮ್ಮ ತಾತ ಸಾಯುವವರೆಗೂ ಬಿಡಲಿಲ್ಲ. ರಸಬಾಳೆ ಮಾತ್ರ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಏಲಕ್ಕಿ ಬಾಳೆ, ಪಚ್ಚಬಾಳೆ. ಪನಾಮಾ ಸೊರಗು ರೋಗಕ್ಕೆ ತೋಟಗಳು ಹೋದ ಮೇಲೆ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಬಂತು. ಹಣ್ಣು ಕಮ್ಮಿ, ಸರ್ಟಿಫಿಕೇಟು ಭದ್ರ.

ತಾತನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ತಾತ ಹರೆಯದಲ್ಲಿ ನಂಜನಗೂಡಿನ ಒಂದು ಮಂಡಿಯಲ್ಲಿದ್ದರು. ಬಾಳೆಗೊನೆಗಳನ್ನು ಸೈಕಲ್ಲಿನ ಕ್ಯಾರಿಯರಿಗೆ, ಬಾರಿಗೆ ಕಟ್ಟಿಕೊಂಡು ಮೈಸೂರಿಗೆ ಹೋಗಿ ಹಾಕಿ ಬರುವುದು ಕೆಲಸ. ಹೋಗ್ತಾ ಇಪ್ಪತ್ತು ಚಿಲ್ಲರೆ, ಬರ್ತಾ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಗೇರ್ ಇಲ್ಲ, ಹೆಲ್ಮೆಟ್ ಇಲ್ಲ, ಹಿಂದೆ ವ್ಯಾನಂತೂ ಇಲ್ಲವೇ ಇಲ್ಲ. ಸೇತುವೆ ಬಂದ ಕೂಡಲೇ ಮಾತ್ರ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದರಂತೆ. ನಂಜುಂಡೇಶ್ವರನಿಗೆ ಮರ್ಯಾದೆ ಇರಬೇಕು ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. "ದೇವ್ರಿಗಲ್ಲ ಕಣ್ಲಾ, ರೈಲಿಗೆ. ಪಕ್ಕದಲ್ಲೇ ಬಂದು ಕೂ ಅಂದ್ರೆ ನಾನೂ ಗೊನೆನೂ ಒಟ್ಟಿಗೆ ಹೊಳೆ ಪಾಲು" ಅಂದರು.

ಏಕೆಂದರೆ ಆ ಸೇತುವೆ ಮೇಲೆ ರೈಲೂ ಹೋಗುತ್ತಿತ್ತು, ರಸ್ತೆಯೂ ಹೋಗುತ್ತಿತ್ತು. ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂದದ್ದು 1891ರಲ್ಲಿ. ಹೊಳೆ ದಾಟಿಸಲು ದಳವಾಯಿಯ ಸೇತುವೆಯನ್ನೇ ಬಳಸಿಕೊಂಡರು. 1926ರಲ್ಲಿ ಹಳಿ ಚಾಮರಾಜನಗರಕ್ಕೆ ಮುಂದುವರಿಯಿತು. ಎತ್ತಿನಗಾಡಿಗೂ ಕುದುರೆಗೂ ದಂಡಿಗೂ ಅಂತ ಕಟ್ಟಿದ್ದರ ಮೇಲೆ ನೂರೈವತ್ತು ವರ್ಷದ ನಂತರ ಉಗಿ ಎಂಜಿನ್ನು! ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಲೆಗಸಿ ಕೋಡ್ ಮೇಲೆ ಹೊಸ ವರ್ಷನ್ ಓಡಿಸಿದ ಹಾಗೆ, ಅದೂ ಒಂದೇ ಒಂದು ಕ್ರಾಶ್ ಇಲ್ಲದೆ. ಗುಂಪಿನಲ್ಲಿದ್ದ ಸಿವಿಲ್ ಓದಿದ ಗೆಳೆಯ (ಓದಿದ್ದು ಸಿವಿಲ್, ಮಾಡುತ್ತಿರುವುದು ಟೆಸ್ಟಿಂಗ್) ದಡಕ್ಕೆ ಇಳಿದು ಕಮಾನುಗಳನ್ನು ನೋಡುತ್ತಾ ಬಹಳ ಹೊತ್ತು ನಿಂತ. "ಕಮಾನಿಗೆ ಭಾರ ಬಿದ್ದಷ್ಟೂ ಕಲ್ಲು ಕಲ್ಲು ಒತ್ತಿಕೊಳ್ಳುತ್ತೆ. ಬುಡ ಸರಿಯಾಗಿದ್ದರೆ ಸಾಕು, ಬೀಳೋಕೆ ಅದಕ್ಕೆ ಕಾರಣವೇ ಇಲ್ಲ" ಅಂದ. ನಾಲ್ಕು ವರ್ಷ ಓದಿದ್ದು ಅವತ್ತು ಉಪಯೋಗಕ್ಕೆ ಬಂತು ಅಂತ ಎಲ್ಲರೂ ಗೇಲಿ ಮಾಡಿದರು.

ಬ್ರಾಡ್‌ಗೇಜ್ ಮಾಡುವಾಗ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿದರು, ಈಗ ರೈಲು ಅದರ ಮೇಲೆ. ಹಳೆಯದು ಪಾರಂಪರಿಕ ಕಟ್ಟಡ ಅನ್ನಿಸಿಕೊಂಡು ನಿಂತಿದೆ. 2018 ಮತ್ತು 2019ರ ಆಗಸ್ಟಿನಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟ ಮುಳುಗಿತ್ತು, ಮೈಸೂರು ಹೆದ್ದಾರಿಯೇ ಬಂದ್ ಆಗಿತ್ತು. ಇಂಥ ಎಷ್ಟು ನೆರೆಗಳನ್ನು ಈ ಕಂಬಗಳು ನೋಡಿವೆಯೋ.

ನನ್ನ ತಲೆಯಲ್ಲಿ ಮಾತ್ರ ಕಬ್ಬಾಳದುರ್ಗ. ಯಾಕೆ ಕಟ್ಟಿಸಿದ ಈ ಸೇತುವೆಯನ್ನು? ಭಕ್ತರು ಜಾತ್ರೆಗೆ ಬರಲಿ ಅಂತಲೇ? ಆಗಿರಬಹುದು, ಕಳಲೆಯವರು ನಂಜುಂಡನ ಒಕ್ಕಲು. ತಮ್ಮ ನಂಜರಾಜಯ್ಯ ಕನ್ನಡದಲ್ಲಿ ಶೈವ ಕೃತಿಗಳನ್ನೇ ಬರೆದವನು. ಆದರೆ ಭೂಪಟ ನೋಡಿ. ಶ್ರೀರಂಗಪಟ್ಟಣ ಮತ್ತು ಮೈಸೂರು ಹೊಳೆಯ ಆಚೆ, ಕಳಲೆ ಈಚೆ. ಅರಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಮಳೆಗಾಲದಲ್ಲೂ ತನ್ನೂರಿನ ದಂಡು ದಾಟಿ ಬರಬೇಕಲ್ಲ? ಆಗತಾನೇ ರಾಜನನ್ನು ಇಳಿಸಿದವನಿಗೆ ಈ ಯೋಚನೆ ಬಂದಿರಲಿಕ್ಕಿಲ್ಲವೇ? ಇದಕ್ಕೆ ನನ್ನ ಹತ್ತಿರ ದಾಖಲೆ ಇಲ್ಲ, ಇದು ಸೈಕಲ್ ತುಳಿದು ಬಿಸಿಯಾದ ತಲೆಯ ಊಹೆ ಅಷ್ಟೇ. ತಿಳಿದವರು ಕಾಮೆಂಟಿನಲ್ಲಿ ತಿದ್ದಿ.

ಆಮೇಲಿನದು ಊಹೆಯಲ್ಲ. ತಮ್ಮ ನಂಜರಾಜಯ್ಯ ತಿರುಚಿನಾಪಳ್ಳಿಯ ಆಸೆಗೆ ಬಿದ್ದ. ಆರ್ಕಾಟಿನ ಮಹಮದಾಲಿ, ಸಹಾಯ ಮಾಡಿದರೆ ಆ ಊರು ನಿಮ್ಮದು ಅಂದಿದ್ದ. 1752ರಿಂದ 1755ರವರೆಗೆ ದಂಡು ಅಲ್ಲೇ ಕೂತಿತು, ಊರು ಸಿಗಲಿಲ್ಲ, ಖಜಾನೆ ಬರಿದಾಯಿತು. ಸಂಬಳ ಕಾಣದ ಸೈನಿಕರು ತಿರುಗಿಬಿದ್ದರು. ಅಷ್ಟರಲ್ಲಿ ಮಗುವಾಗಿ ಪಟ್ಟಕ್ಕೆ ಬಂದಿದ್ದ ರಾಜ ದೊಡ್ಡವನಾಗಿದ್ದ, ಅವನಿಗೂ ಬಿಡುಗಡೆ ಬೇಕಿತ್ತು. ನಂಜರಾಜಯ್ಯ ಅರಮನೆಯ ಮೇಲೆಯೇ ಫಿರಂಗಿ ಹಾರಿಸಿದ. ಅಣ್ಣ ದೇವರಾಜಯ್ಯನಿಗೆ ಅದು ಸಹಿಸಲಿಲ್ಲ, ಮುನಿಸಿಕೊಂಡು ಸತ್ಯಮಂಗಲಕ್ಕೆ ಹೊರಟುಹೋದ. 1758ರಲ್ಲಿ ರಾಜಿಯಾಗಿ ಮರಳಿದವನು ಅದೇ ವರ್ಷ ತೀರಿಕೊಂಡ. ಇವರಿಬ್ಬರ ಜಗಳದ ಸಂದಿಯಲ್ಲಿ ಮೇಲೆ ಬಂದವನೇ ಹೈದರ್. 1761ರ ಹೊತ್ತಿಗೆ ಮೈಸೂರು ಅವನ ಕೈಯಲ್ಲಿತ್ತು, ಕಳಲೆಯವರ ಆಟ ಮುಗಿದಿತ್ತು. ರಾಜನನ್ನು ಗೊಂಬೆ ಮಾಡಿಕೊಂಡು ಆಳುವುದು ಹೇಗೆ ಎಂದು ತೋರಿಸಿಕೊಟ್ಟವರೇ ಇವರು. ಹೈದರ್ ಪಾಠವನ್ನು ಚೆನ್ನಾಗಿ ಕಲಿತ.

ದೇವರಾಜಯ್ಯ ಒಳ್ಳೆಯವನೋ ಕೆಟ್ಟವನೋ? ಈ ಪ್ರಶ್ನೆಯನ್ನು ಗುಂಪಿನಲ್ಲಿ ಕೇಳಿದಾಗ ಮತ ಸಮಸಮ ಬಿತ್ತು, ಹನ್ನೊಂದನೆಯವನು ದೋಸೆ ತರಲು ಹೋಗಿದ್ದ. ನಾನಂತೂ ತಾತನ ಹಾಗೆ ಸೈಕಲ್ ಇಳಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ತಾತನ ಬಾಳೆಗೊನೆ, ನನ್ನ ಅಪ್ಪನ ಶಾಲೆಯ ಫೀಸು, ಮುಂದೆ ನನ್ನ ಎಂಜಿನಿಯರಿಂಗು, ಎಲ್ಲವೂ ಈ ಸೇತುವೆ ದಾಟಿಯೇ ಬಂದದ್ದು. ಕಬ್ಬಾಳದುರ್ಗದಲ್ಲಿ ಸತ್ತ ರಾಜ ರಾಣಿಯ ಪರವಾಗಿ ಮಾತಾಡಲು ನನಗೆ ಯಾವ ಹಕ್ಕಿದೆ ಅನಿಸಿತು. ಹಾಗಂತ ಮರೆಯಲೂ ಆಗಲಿಲ್ಲ.

ನಂಜನಗೂಡಿನಿಂದ ಸುತ್ತೂರಿನ ಮೇಲೆ ಹೊರಟೆವು. ಭತ್ತದ ಗದ್ದೆ, ಕಬ್ಬು, ನಾಲೆ, ಆಗಾಗ ಹೊಳೆಯ ಹೊಳಪು. ಸುತ್ತೂರಿನಲ್ಲಿ ಜನವರಿಯ ಜಾತ್ರೆಗೆ ಆಗಲೇ ತಯಾರಿ. ಮಠದ ಬಗ್ಗೆ, ಅದರ ಶಾಲೆಗಳ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತದೆ. ರಾಜೇಂದ್ರ ಸ್ವಾಮಿಗಳು 1954ರಲ್ಲಿ ಕಟ್ಟಿದ ಜೆಎಸ್ಎಸ್ ವಿದ್ಯಾಪೀಠ ಗೊತ್ತಿಲ್ಲದ ಕನ್ನಡಿಗನಿದ್ದಾನೆಯೇ? ತಲಕಾಡಿಗೂ ಹೋಗಿಬರೋಣ ಅಂತ ಬೆಂಗಳೂರಿನಲ್ಲಿ ಕೂತಾಗ ಪ್ಲಾನ್ ಮಾಡಿದ್ದೆವು. ಯಾರೂ ಆ ಮಾತೆತ್ತಲಿಲ್ಲ.

ಆ ದಾರಿಯಲ್ಲೇ ನಾನು ಮೊದಲ ಸಲ ಒಂಟಿಯಾಗಿ ಸೈಕಲ್ ಹೊಡೆದದ್ದು. 2010ರಲ್ಲಿ, ಎಂಟನೇ ಕ್ಲಾಸು. ಸರ್ಕಾರ 2006-07ರಲ್ಲಿ ಶುರುಮಾಡಿದ ಉಚಿತ ಸೈಕಲ್ ಯೋಜನೆಯಲ್ಲಿ ನನಗೂ ಒಂದು ಬಂತು. ಬಂದ ದಿನವೇ ಬೋಲ್ಟು ಸಡಿಲ, ಬ್ರೇಕು ಹಿಡಿಯದು, ಇಪ್ಪತ್ತು ರೂಪಾಯಿ ಕೊಟ್ಟು ಬಿಗಿ ಮಾಡಿಸಿಕೊಳ್ಳಬೇಕಾಯಿತು. ಆದರೂ ಅದು ನನ್ನದು! ನಮ್ಮ ಕ್ಲಾಸಿನ ಏಳೆಂಟು ಹುಡುಗಿಯರು ಹೈಸ್ಕೂಲು ಮುಗಿಸಿದ್ದೇ ಆ ಸೈಕಲ್ಲಿನಿಂದ. ಬಸ್ಸಿಲ್ಲದ ಊರಿನವರು, ನಡೆದು ಹೋಗಬೇಕಾಗಿದ್ದರೆ ಮನೆಯಲ್ಲಿ ಬಿಡಿಸಿಬಿಡುತ್ತಿದ್ದರು. ಸಾಯಂಕಾಲ ಅವರೆಲ್ಲ ಸಾಲಾಗಿ ಬೆಲ್ ಹೊಡೆಯುತ್ತಾ ಬರುತ್ತಿದ್ದರೆ ಎತ್ತಿನಗಾಡಿಗಳು ಪಕ್ಕಕ್ಕೆ ಸರಿಯುತ್ತಿದ್ದವು. 2020ರ ಕೋವಿಡ್ ವರ್ಷದಲ್ಲಿ ಆ ಯೋಜನೆ ನಿಂತಿತು. ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ನಮಗೆ ಎದುರಾದ ಸೈಕಲ್ಲುಗಳನ್ನು ಎಣಿಸಿದೆ. ಮೂರು. ಮೂರರಲ್ಲೂ ಹಾಲಿನ ಕ್ಯಾನು.

ಮಧ್ಯಾಹ್ನ ಒಂದೂವರೆಗೆ ತಿರುಮಕೂಡಲು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಹೀಗೆ ಮೂರು ಕೂಡುವ ಜಾಗ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. 2022ರಲ್ಲಿ ತಪ್ಪಿತ್ತು, 2025ರ ಫೆಬ್ರವರಿಯಲ್ಲಿ ಮತ್ತೆ ಆಯಿತು. ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ, ಆದ್ದರಿಂದ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುತ್ತಾರೆ ನಮ್ಮವರು. ಒಂದೇ ಒಂದು ಗುಲಗಂಜಿ. ನಮ್ಮ ಕಡೆಯವರ ಜಂಬಕ್ಕೂ ಒಂದು ಅಳತೆ ಇದೆ ನೋಡಿ :)

ಇದೇ ಸಂಗಮದ ಬಳಿ 1959ರಿಂದ 1965ರ ನಡುವೆ ಡಾ. ಎಂ. ಶೇಷಾದ್ರಿಯವರು ಅಗೆಸಿದಾಗ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ಕೈಯಲ್ಲೇ ತಟ್ಟಿ ಮಾಡಿದ ಬೂದು ಮಡಕೆಗಳು, ಕಲ್ಲಿನ ಕೊಡಲಿಗಳು, ಜೊತೆಗೆ ಸುಟ್ಟ ಮಣ್ಣಿನ ತಲೆದಿಂಬು. ಹೌದು, ಕತ್ತಿಗೆ ಕೊಟ್ಟು ಮಲಗುವ ದಿಂಬು! ಸೋಪಾನದ ಮೇಲೆ ಹನ್ನೊಂದು ಜನ ಅಂಗಾತ ಬಿದ್ದುಕೊಂಡಿದ್ದಾಗ ನಾನು ಇದನ್ನು ಹೇಳಿದೆ. ಈ ಸಲ ಎಲ್ಲರೂ ಕೇಳಿಸಿಕೊಂಡರು. "ಒಂದು ಉಳಿಸಿದ್ದಾರಾ?" ಅಂದ ಸಿವಿಲ್ ಗೆಳೆಯ, ಹೆಲ್ಮೆಟ್ಟನ್ನೇ ತಲೆಯಡಿಗೆ ಇಟ್ಟುಕೊಂಡು.

ಅಪ್ಪ ಅಮ್ಮ ಆಟೋದಲ್ಲಿ ಮುದ್ದೆ, ಅವರೆಕಾಳು ಸಾರು, ಅನ್ನ ಎಲ್ಲ ಪಾತ್ರೆಗಳಲ್ಲಿ ತುಂಬಿಕೊಂಡು ಹೊಳೆದಂಡೆಗೇ ಬಂದರು. ಅಪ್ಪ ಸೈಕಲ್ಲಿನ ಬೆಲೆ ಕೇಳಿದರು, ನಾನು ಅರ್ಧ ಮಾತ್ರ ಹೇಳಿದೆ. ಅದಕ್ಕೇ ಅವರ ಮುಖ ನೋಡಬೇಕಿತ್ತು. ಅಮ್ಮ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದರು.

"ಇಷ್ಟು ದುಡ್ಡು ಕೊಟ್ಟಿದ್ದೀಯಾ, ಕ್ಯಾರಿಯರ್ರೇ ಇಲ್ವಲ್ಲೋ ಇದಕ್ಕೆ? ಒಂದು ಬಾಳೆಗೊನೆ ಕಟ್ಟಾಕಾಗುತ್ತಾ?"